ಬಣ್ಣ ಏರಿದಾಗ: ಚಿತ್ತವಿಕಲತೆಯ ಮೊದಲ ದಿನಗಳಲ್ಲಿ ರೋಗಿಗೆ ಗೊತ್ತಿರುವುದೇನು

(ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಇಲ್ಲಿ ಬರುವ ರೋಗಿಗಳ ಊರು, ಉದ್ಯೋಗ, ಸಂಬಂಧಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ಮನೋವೈದ್ಯರು ಬರೆಯುವ ಕೇಸ್ ಶೀಟಿನ ಕೊನೆಗೆ ಒಂದು ಸಾಲು ಇರುತ್ತದೆ. ರೋಗಿಯ ಉಡುಪು ಹೇಗಿದೆ, ಮಾತು ಹೇಗಿದೆ, ಕಿವಿಗೆ ಏನು ಕೇಳಿಸುತ್ತದೆ, ನೆನಪು ಹೇಗಿದೆ ಎಂದೆಲ್ಲ ಬರೆದಾದ ಮೇಲೆ, ಪೆನ್ನು ಮುಚ್ಚುವ ಮುನ್ನ ಬರೆಯುವ ಸಾಲು ಅದು: 'ಇನ್‌ಸೈಟ್: 1/6.' ತನಗೆ ಕಾಯಿಲೆಯಿದೆ ಎಂಬುದು ರೋಗಿಗೆ ಎಷ್ಟು ಗೊತ್ತಿದೆ ಎಂಬುದಕ್ಕೆ ನಾವು ಕೊಡುವ ಅಂಕ. ಒಂದು ಎಂದರೆ 'ನನಗೇನೂ ಆಗಿಲ್ಲ'. ಮೂರು ಎಂದರೆ 'ಏನೋ ಆಗಿದೆ, ಆದರೆ ಬೇರೆಯವರಿಂದ ಆಗಿದೆ'. ಐದು ಎಂದರೆ ಕಾಯಿಲೆ ಇರುವುದು ತಲೆಗೆ ಗೊತ್ತು, ನಡವಳಿಕೆಗೆ ಇಳಿದಿಲ್ಲ. (ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಮಂದಿ ಐದರಲ್ಲಿದ್ದಾರೆ ಎಂಬುದನ್ನು ನೀವು ಯಾವುದೇ ಮದುವೆ ಊಟದ ಪಂಕ್ತಿಯಲ್ಲಿ ನೋಡಬಹುದು.) ಆರು ಎಂದರೆ ಅರಿವು ಮನಸ್ಸಿಗಿಳಿದು, ಬದುಕೂ ಅದಕ್ಕೆ ತಕ್ಕಂತೆ ಹೊಂದಿಕೊಂಡಿರುವುದು.

ಆ ಸಾಲನ್ನು ನಾನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗೀಗ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಹಾಗಾಗಲು ಕಾರಣನಾದ ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ.

ಇಪ್ಪತ್ತೆರಡು ವರ್ಷ. ಅಪ್ಪ, ಅಮ್ಮ, ಸೋದರಮಾವ ಮೂವರೂ ಸೇರಿ ಜೀಪಿನಲ್ಲಿ ಕರೆತಂದಿದ್ದರು. ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು ಕಚೇರಿಗೆ ಒಂದು ಮಾತೂ ತಿಳಿಸದೆ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಿದ್ದ. ಮೂರು ವಾರದಿಂದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕುಳಿತಿದ್ದ. ಎದುರು ಮನೆಯವರು ಮೊಬೈಲ್ ಟವರಿನ ಮೂಲಕ ತನ್ನ ಯೋಚನೆಗಳನ್ನು ಓದುತ್ತಿದ್ದಾರೆ ಎನ್ನುತ್ತಿದ್ದ. 'ನಿನಗೆ ಏನಾದರೂ ಕಾಯಿಲೆ ಆಗಿದೆ ಅನ್ನಿಸುತ್ತದೆಯೇ?' ಎಂದು ಕೇಳಿದೆ. 'ನನಗೇನೂ ಇಲ್ಲ ಸಾರ್. ಪರೀಕ್ಷೆ ಮಾಡುವುದಿದ್ದರೆ ಎದುರು ಮನೆಯವರನ್ನು ಮಾಡಿ' ಎಂದ. ಬರೆದುಕೊಂಡೆ: 1/6.

ಅಮ್ಮ ಹಳೆಯ ಚೀಟಿಗಳಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟಿದ್ದರು. ಎಲ್ಲರೂ ಹೊರಗೆ ಹೋದ ಮೇಲೆ ತಿರುವಿ ಹಾಕಿದೆ. ಆರು ತಿಂಗಳ ಹಿಂದಿನದು ಕಣ್ಣಿನ ವೈದ್ಯರ ಚೀಟಿ: ಬಣ್ಣಗಳು ವಿಪರೀತ ಗಾಢವಾಗಿ ಕಾಣುತ್ತವೆ ಎಂಬ ದೂರು, ಕಣ್ಣು ಸರಿಯಿದೆ. ಅದಾಗಿ ಒಂದು ತಿಂಗಳಿಗೆ ಕಿವಿಯ ವೈದ್ಯರದು: ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ ಎಂಬ ದೂರು, ಶ್ರವಣ ಪರೀಕ್ಷೆ ಸರಿಯಿದೆ. ಮೂರನೆಯದು ನಿದ್ದೆ ಬರುವುದಿಲ್ಲ ಎಂದು ತೋರಿಸಿಕೊಂಡದ್ದು. ಮೂರು ಕಡೆಗೂ ಅವನು ಒಬ್ಬನೇ ಹೋಗಿದ್ದ. ತನ್ನ ಸಂಬಳದ ದುಡ್ಡು ಕೊಟ್ಟು, ಸರದಿಯಲ್ಲಿ ಕುಳಿತು, ತನಗೆ ಏನೋ ಆಗುತ್ತಿದೆ ಎಂದು ಮೂವರು ವೈದ್ಯರಿಗೆ ಹೇಳಿದ್ದ. ನಾನು ಅವನಿಗೆ ಆರಕ್ಕೆ ಒಂದು ಅಂಕ ಕೊಟ್ಟಿದ್ದೆ.

ಚಿತ್ತವಿಕಲತೆ (ಸೈಕೋಸಿಸ್) ಎಂದರೆ ಏನೆಂದು ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಲ್ಲದ ದನಿ ಕೇಳಿಸುವುದು, ಯಾರು ಎಷ್ಟು ಹೇಳಿದರೂ ಸಡಿಲವಾಗದ ತಪ್ಪು ನಂಬಿಕೆ ಬೇರೂರುವುದು, ಯೋಚನೆಯ ಎಳೆ ತುಂಡಾಗುವುದು, ಇವೆಲ್ಲ ಅದರ ಲಕ್ಷಣಗಳು. ಸ್ಕಿಜೋಫ್ರೀನಿಯಾ ಇದರ ಒಂದು ರೂಪ, ಒಂದೇ ರೂಪವಲ್ಲ. ಸಾಮಾನ್ಯವಾಗಿ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಹರೆಯದಲ್ಲಿ, ಓದು ಮುಗಿಸಿ ಕೆಲಸ ಹುಡುಕುವ ಹೊತ್ತಿಗೇ ಬಂದು ಎರಗುತ್ತದೆ.

ಬಂದು ಎರಗುತ್ತದೆ ಎಂದೆ, ಆದರೆ ಅನೇಕರಲ್ಲಿ ಅದು ಎರಗುವುದಿಲ್ಲ, ನುಸುಳುತ್ತದೆ. ಕ್ಲೌಸ್ ಕಾನ್ರಾಡ್ ಎಂಬ ಜರ್ಮನ್ ಮನೋವೈದ್ಯರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಕಾಯಿಲೆ ಆಗಷ್ಟೇ ಶುರುವಾಗಿದ್ದ ಸೈನಿಕರನ್ನು ಹತ್ತಿರದಿಂದ ನೋಡಿದ್ದರು. ಅದನ್ನೆಲ್ಲ 1958ರಲ್ಲಿ ಬರೆದರು. ಭ್ರಮೆ ಗಟ್ಟಿಯಾಗುವ ಮುಂಚಿನ ಘಟ್ಟಕ್ಕೆ ಅವರು ಇಟ್ಟ ಹೆಸರು 'ಟ್ರೆಮಾ'. ಅದು ವೈದ್ಯಶಾಸ್ತ್ರದ ಪದವಲ್ಲ, ಅಲ್ಲಿನ ನಾಟಕದವರ ಪದ. ರಂಗಕ್ಕೆ ಹೋಗುವ ಮುಂಚಿನ ನಡುಕ ಎಂದು ಅರ್ಥ. ನೀವು ಯಕ್ಷಗಾನದ ಊರಿನವರು, ಬೇರೆ ವಿವರಣೆ ಬೇಡ. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಮೊದಲ ಪ್ರವೇಶಕ್ಕೆ ಕಾದು ಕುಳಿತ ಹುಡುಗನ ಹೊಟ್ಟೆಯಲ್ಲಿ ಏನಾಗುತ್ತದೆಯೋ ಅದೇ. ವ್ಯತ್ಯಾಸವೆಂದರೆ ಈ ಹುಡುಗನಿಗೆ ಪ್ರಸಂಗ ಯಾವುದೆಂದು ಗೊತ್ತಿಲ್ಲ, ತನ್ನ ವೇಷ ಯಾವುದೆಂದೂ ಗೊತ್ತಿಲ್ಲ. ಏನೋ ಆಗಲಿಕ್ಕಿದೆ, ಎಲ್ಲರಿಗೂ ಅದು ಗೊತ್ತಿದೆ, ತನಗೊಬ್ಬನಿಗೆ ಹೇಳುತ್ತಿಲ್ಲ ಎಂಬ ಭಾವ.

ಹೀಗೇಕಾಗುತ್ತದೆ ಎಂಬುದಕ್ಕೆ ಇಂದು ಹೆಚ್ಚು ಚರ್ಚೆಯಲ್ಲಿರುವ ವಿವರಣೆಗಳಲ್ಲಿ ಒಂದನ್ನು 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಮುಂದಿಟ್ಟರು. ದಾರಿಯಲ್ಲಿ ನಡೆಯುವಾಗ ನಮ್ಮ ಕಣ್ಣಿಗೆ ನೂರಾರು ವಸ್ತು ಬೀಳುತ್ತವೆ. ಅದರಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಟ್ಟುಬಿಡಬಹುದು ಎಂದು ಮಿದುಳು ನಮಗೆ ತಿಳಿಯದಂತೆಯೇ ಮುದ್ರೆ ಒತ್ತುತ್ತಾ ಹೋಗುತ್ತದೆ. ಆ ಮುದ್ರೆಯ ಕೆಲಸದಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. ಅದು ಹೊತ್ತುಗೊತ್ತಿಲ್ಲದೆ ಸುರಿದರೆ ಸಿಕ್ಕಸಿಕ್ಕದ್ದಕ್ಕೆಲ್ಲ 'ಮುಖ್ಯ' ಎಂಬ ಮುದ್ರೆ ಬೀಳುತ್ತದೆ. ಗೋಡೆಯ ಬಣ್ಣ, ಬಸ್ಸಿನ ಹಾರನ್ನು, ಅಂಗಡಿಯವನ ಕೆಮ್ಮು, ಎಲ್ಲವೂ ಏನನ್ನೋ ಹೇಳುತ್ತಿವೆ ಅನ್ನಿಸುತ್ತದೆ. ತಿಂಗಳುಗಟ್ಟಲೆ ಹೀಗೆ ಬದುಕಲು ಯಾರಿಂದಲೂ ಆಗುವುದಿಲ್ಲ. ಮನಸ್ಸು ಒಂದು ಕಥೆ ಕಟ್ಟುತ್ತದೆ: ಎದುರು ಮನೆ, ಟವರು, ಯೋಚನೆ ಓದುವ ಯಂತ್ರ. ಕಥೆ ಸಿಕ್ಕ ದಿನ ಎಷ್ಟೋ ರೋಗಿಗಳಿಗೆ ಒಂದು ಬಗೆಯ ನಿರಾಳ. ಆರು ತಿಂಗಳಿಂದ ಕಾಡಿದ ಒಗಟು ಬಿಡಿಸಿಕೊಂಡಿತಲ್ಲ! ನಾವು ಹೋಗಿ 'ಅದೆಲ್ಲ ಸುಳ್ಳು' ಎಂದರೆ ಅವರು ಕಷ್ಟಪಟ್ಟು ಪಡೆದ ಉತ್ತರವನ್ನು ಕಿತ್ತುಕೊಂಡು ಮತ್ತೆ ಒಗಟಿನೊಳಕ್ಕೆ ನೂಕಿದ ಹಾಗೆ. ಯಾರು ಒಪ್ಪುತ್ತಾರೆ?

ಹಾಗಾಗಿ ನನ್ನ ಹುಡುಗನ ಅರಿವು ಕಾಯಿಲೆಯ ಮೊದಲ ತಿಂಗಳುಗಳಲ್ಲಿ ಚೆನ್ನಾಗಿಯೇ ಇತ್ತು. ಜೀಪು ಹತ್ತುವ ಹೊತ್ತಿಗೆ ಮುಚ್ಚಿಹೋಗಿತ್ತು. ಅವನು ಕೇಳುತ್ತಿದ್ದಾಗ ಯಾರೂ ಕಿವಿಗೊಡಲಿಲ್ಲ. ನಾವು ಕೇಳಿದಾಗ ಅವನ ಬಳಿ ಬೇರೆ ಉತ್ತರವಿತ್ತು.

ಕಿವಿಯಲ್ಲಿ ಕೇಳುವ ದನಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಂಕುಳಿಗೆ ನೀವೇ ಕಚಗುಳಿ ಇಟ್ಟುಕೊಳ್ಳಿ, ನಗು ಬರುವುದಿಲ್ಲ. (ಸಭೆಯಲ್ಲಿ ಮುಂದಿನ ಸಾಲಿನ ಇಬ್ಬರು ಮಕ್ಕಳು ತಕ್ಷಣ ಪ್ರಯೋಗ ಮಾಡಿ ನೋಡಿದರು.) ಕೈ ಆಡಿಸುತ್ತಿರುವುದು ತಾನೇ ಎಂದು ಮಿದುಳು ತನಗೇ ಮುಂಚಿತವಾಗಿ ಸುದ್ದಿ ಕೊಟ್ಟುಕೊಂಡಿರುತ್ತದೆ, ಅದಕ್ಕೆ. 2000ನೇ ಇಸವಿಯಲ್ಲಿ ಲಂಡನ್ನಿನ ಸಾರಾ ಜೇನ್ ಬ್ಲೇಕ್‌ಮೋರ್ ಮತ್ತು ಕ್ರಿಸ್ ಫ್ರಿತ್ ಅವರ ತಂಡ ಇದನ್ನೇ ಪರೀಕ್ಷಿಸಿತು. ದನಿ ಕೇಳಿಸುವ ರೋಗಿಗಳು ತಮ್ಮ ಅಂಗೈಗೆ ತಾವೇ ಸವರಿಕೊಂಡಾಗಲೂ ಬೇರೆಯವರು ಸವರಿದಷ್ಟೇ ಕಚಗುಳಿಯಾಯಿತು ಎಂದರು. ಆ ಒಳಗಿನ ಸುದ್ದಿ ತಲುಪುತ್ತಿಲ್ಲ ಎಂದಾದರೆ, ಮನಸ್ಸಿನಲ್ಲಿ ತಾನೇ ಆಡಿಕೊಂಡ ಮಾತೂ ಹೊರಗಿನವರ ಮಾತಿನಂತೆಯೇ ಕೇಳಿಸಬಹುದಲ್ಲವೇ? ದನಿ ಕಿವಿಯಾರೆ ಕೇಳುತ್ತಿದ್ದವನಿಗೆ 'ಅಲ್ಲಿ ಯಾರೂ ಇಲ್ಲ' ಎನ್ನುವುದು, ಈಗ ನನ್ನ ಮಾತು ಕೇಳುತ್ತಿರುವ ನಿಮಗೆ 'ವೇದಿಕೆ ಖಾಲಿಯಿದೆ' ಎಂದ ಹಾಗಾಗುತ್ತದೆ.

ಇದೆಲ್ಲ ಹಟಮಾರಿತನ, ಸೋಗು ಎಂದುಕೊಳ್ಳುವ ಮನೆಯವರಿಗೆ ನಾನು 1914ರ ಒಂದು ಸಂಗತಿ ಹೇಳುತ್ತೇನೆ. ಪ್ಯಾರಿಸ್ಸಿನ ನರರೋಗ ತಜ್ಞ ಜೋಸೆಫ್ ಬಾಬಿನ್‌ಸ್ಕಿ, ಲಕ್ವ ಹೊಡೆದು ಎಡಭಾಗ ಸ್ವಾಧೀನ ತಪ್ಪಿದ ಕೆಲವರಿಗೆ ಅದು ತಪ್ಪಿದೆ ಎಂಬುದೇ ಗೊತ್ತಿಲ್ಲದಿರುವುದನ್ನು ಕಂಡು ಅದಕ್ಕೊಂದು ಹೆಸರು ಕೊಟ್ಟರು. ಎಡಗೈ ಎತ್ತಿ ಎಂದರೆ 'ಎತ್ತಿದ್ದೇನಲ್ಲ' ಎನ್ನುತ್ತಿದ್ದರಂತೆ ಅಂಥವರು. ಅಲ್ಲಿ ಯಾರೂ ಹಟ ಎನ್ನುವುದಿಲ್ಲ. ಚಿತ್ತವಿಕಲತೆಯ ಅರಿವಿನ ಕೊರತೆಯೂ ಪೂರ್ತಿ ಇದೇ ಬಗೆಯದು ಎಂದು ವಾದಿಸುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಏಕೆಂದರೆ ನಮ್ಮ ರೋಗಿಗಳ ಅರಿವು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಅಪ್ಪನ ಮುಂದೆ ಒಂದು ಥರ, ಅಕ್ಕನ ಮುಂದೆ ಇನ್ನೊಂದು ಥರ. ಭಯ, ಅವಮಾನ, ಮಾನ ಉಳಿಸಿಕೊಳ್ಳುವ ಆಸೆ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಆದರೆ ಅರಿವಿನ ಕೊರತೆ ಕಾಯಿಲೆಯ ಒಳಗಿನದೇ ಎಂಬುದರಲ್ಲಿ ಅನುಮಾನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಗೆ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೀನಿಯಾದ ಅಧ್ಯಯನ ಶುರು ಮಾಡಿದಾಗ (ಭಾರತದ ಕೇಂದ್ರ ಆಗ್ರಾದಲ್ಲಿತ್ತು) ತೀವ್ರ ಹಂತದಲ್ಲಿ ಎಲ್ಲ ದೇಶಗಳಲ್ಲೂ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಲಕ್ಷಣ ಅದೇ. ನೂರಕ್ಕೆ 97 ಮಂದಿಯಲ್ಲಿ. ದನಿ ಕೇಳಿಸುವುದು, ಅನುಮಾನಪಡುವುದು ಎಲ್ಲ ಅದರ ನಂತರ.

ಈಗ ಇಕ್ಕಟ್ಟು ನೋಡಿ. ಅರಿವಿಲ್ಲದೆ ಮಾತ್ರೆ ನುಂಗುವುದಿಲ್ಲ, ಮಾತ್ರೆ ನುಂಗದೆ ಅರಿವು ಬರುವುದಿಲ್ಲ. 'ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ' ಎಂಬ ಗಾದೆಯನ್ನು ನಾವು ಬೇರೆ ವಿಷಯಗಳಿಗೆ ತಮಾಷೆಯಾಗಿ ಬಳಸುತ್ತೇವೆ. ನನ್ನ ಕೋಣೆಯಲ್ಲಿ ಅದು ದಿನನಿತ್ಯದ ಸಮಸ್ಯೆ. (ಗಾದೆಯನ್ನು ಅಕ್ಷರಶಃ ತೆಗೆದುಕೊಂಡು ಮಗನಿಗೆ ಮದುವೆ ಮಾಡಿಸಿ, ಆಮೇಲೆ ಇಬ್ಬರನ್ನೂ ಕರೆತಂದವರೂ ಇದ್ದಾರೆ. ದಯವಿಟ್ಟು ಮಾಡಬೇಡಿ.)

ಈ ಗಂಟು ಬಿಡಿಸಲು ನನಗೆ ಸಹಾಯಕ್ಕೆ ಬಂದದ್ದು ಅರಿವು ಎಂಬುದು ಒಂದೇ ಅಖಂಡ ವಸ್ತುವಲ್ಲ ಎಂಬ ತಿಳಿವಳಿಕೆ. 1934ರಲ್ಲಿ ಆಬ್ರಿ ಲೂಯಿಸ್ ಎಂಬ ಲಂಡನ್ನಿನ ಮನೋವೈದ್ಯರು, ತನ್ನಲ್ಲಾದ ರೋಗದ ಬದಲಾವಣೆಯ ಬಗ್ಗೆ ಸರಿಯಾದ ನಿಲುವು ಇರುವುದೇ ಅರಿವು ಎಂದಿದ್ದರು. 'ಸರಿಯಾದ' ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಅಲ್ಲೇ ಉಳಿಯಿತು. 1990ರಲ್ಲಿ ಇನ್ನೊಬ್ಬ ಮನೋವೈದ್ಯ ಆಂಟನಿ ಡೇವಿಡ್ ಅದನ್ನು ಮೂರು ಎಳೆಯಾಗಿ ಬಿಡಿಸಿದರು. ತನಗೆ ಮನಸ್ಸಿನ ಕಾಯಿಲೆಯಿದೆ ಎಂದು ತಿಳಿಯುವುದು ಒಂದು. ಕೇಳುವ ದನಿ, ಕಾಡುವ ನಂಬಿಕೆ ಸಹಜವಾದವಲ್ಲ, ರೋಗದಿಂದ ಬಂದವು ಎಂದು ಗುರುತಿಸುವುದು ಇನ್ನೊಂದು. ಚಿಕಿತ್ಸೆ ಬೇಕು ಎಂದು ಒಪ್ಪುವುದು ಮತ್ತೊಂದು. ಮೂರೂ ಒಟ್ಟಿಗೇ ಬರಬೇಕೆಂದಿಲ್ಲ. ಮೂರನೆಯದು ಮೊದಲು ಬಂದು ಉಳಿದೆರಡು ಎಂದೂ ಬಾರದಿರಬಹುದು.

ಅಡಿಕೆ ತೋಟದ ಮನೆಯ ಒಬ್ಬ ಹೆಂಗಸು ನನ್ನ ಬಳಿ ಹನ್ನೆರಡು ವರ್ಷಗಳಿಂದ ಬರುತ್ತಿದ್ದಾರೆ. ದಾಯಾದಿಗಳು ಮಾಟ ಮಾಡಿಸಿದ್ದರಿಂದಲೇ ತನಗೆ ಹೀಗಾಯಿತು ಎಂಬುದು ಅವರ ಮೊದಲ ದಿನದ ಮಾತು, ಇಂದಿನ ಮಾತು ಕೂಡ. ಕೊರಳಲ್ಲಿ ತಾಯಿತವಿದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಒಮ್ಮೆ ಕುತೂಹಲ ತಡೆಯಲಾರದೆ ಕೇಳಿದೆ, 'ಮಾಟವಾಗಿದ್ದರೆ ಮಾತ್ರೆ ಏಕಮ್ಮಾ?' ಅವರು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದರು. 'ಮಾಟಕ್ಕೆ ತಾಯಿತ, ತಲೆಗೆ ಮಾತ್ರೆ. ಹಾವು ಕಚ್ಚಿದರೆ ನೀವು ಇಂಜೆಕ್ಷನ್ ಕೊಡುವುದಿಲ್ಲವೇ? ನಾಗರಪೂಜೆಯನ್ನೂ ಮಾಡಿಸುವುದಿಲ್ಲವೇ?' ಅವರಿಗೆ ಸಿಗುವುದು ಆರಕ್ಕೆ ಮೂರು. ಸೊಸೆ ಬಂದಿದ್ದಾಳೆ, ಲೆಕ್ಕಪತ್ರವೆಲ್ಲ ಇನ್ನೂ ಇವರ ಕೈಯಲ್ಲೇ ಇದೆ.

ಇದು ನನ್ನೊಬ್ಬನ ಅನುಭವವಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆ.ಎಸ್. ಜೇಕಬ್ ಮತ್ತು ಸಂಗಡಿಗರು, ಮೊದಲ ಬಾರಿ ಸ್ಕಿಜೋಫ್ರೀನಿಯಾಕ್ಕೆ ಒಳಗಾದ ನೂರಕ್ಕೂ ಹೆಚ್ಚು ಮಂದಿಯ ಬೆನ್ನುಹತ್ತಿ ಐದು ವರ್ಷ ನೋಡಿದರು. ಒಬ್ಬರೇ ರೋಗಿ ಕಾಯಿಲೆ, ಕರ್ಮ, ಮಾಟ, ದೈವದ ಮುನಿಸು ಹೀಗೆ ಒಂದಕ್ಕೊಂದು ಹೊಂದದ ಕಾರಣಗಳನ್ನು ಏಕಕಾಲಕ್ಕೆ ನಂಬುವುದು ಅಲ್ಲಿ ಸಾಮಾನ್ಯವಾಗಿತ್ತು. ಮೊದಲ ದಿನ ಯಾರಿಗೆ ಎಷ್ಟು ಅರಿವಿತ್ತು ಎಂಬುದರಿಂದ ಐದು ವರ್ಷದ ನಂತರ ಯಾರು ಸುಧಾರಿಸಿರುತ್ತಾರೆ ಎಂದು ಹೇಳಲಾಗಲಿಲ್ಲ. ಕಾಯಿಲೆ ಸಾಗಿದ ದಾರಿಯೇ ಅದನ್ನು ತೀರ್ಮಾನಿಸಿತು. ಕಾಯಿಲೆ ಇಳಿದವರಲ್ಲಿ ಅರಿವೂ ಹೆಚ್ಚಿತು. ಅರಿವು ಮೊದಲು ಬರಲಿ, ಚಿಕಿತ್ಸೆ ಆಮೇಲೆ ಎಂದು ಕಾಯುವವರು ಇದನ್ನು ಗಮನಿಸಬೇಕು.

ಇನ್ನೊಂದು ತುದಿಯನ್ನೂ ಹೇಳಬೇಕು, ಅದು ನನ್ನ ಸೋಲಿನ ಕಥೆ. ಪದವಿ ಓದುತ್ತಿದ್ದ ಒಬ್ಬ ಬುದ್ಧಿವಂತ ಹುಡುಗ ವಾರ್ಡಿನಲ್ಲಿದ್ದ. ಹತ್ತನೆಯ ದಿನದ ಹೊತ್ತಿಗೆ ಅವನು ಹೇಳುತ್ತಿದ್ದ: 'ನನಗೆ ಸ್ಕಿಜೋಫ್ರೀನಿಯಾ ಇದೆ. ಇದು ಮಿದುಳಿನ ಕಾಯಿಲೆ. ಮಾತ್ರೆ ತಪ್ಪಿಸಿದರೆ ಮರುಕಳಿಸುತ್ತದೆ.' ಕಿರಿಯ ವೈದ್ಯರು ಸಂತೋಷದಿಂದ ಐದು ಅಂಕ ಕೊಟ್ಟರು, ನಾನು ಸಹಿ ಹಾಕಿದೆ. ಮನೆಗೆ ಹೋದ ದಿನವೇ ಮಾತ್ರೆಗಳನ್ನು ಬಚ್ಚಲಿಗೆ ಹಾಕಿದ. ಎರಡು ತಿಂಗಳ ನಂತರ ಮತ್ತೆ ಬಂದಾಗ ಹೇಳಿದ, 'ಪಕ್ಕದ ಹಾಸಿಗೆಯವರು ಏನು ಹೇಳಿದರೆ ಬಿಡುಗಡೆ ಮಾಡುತ್ತಾರೆಂದು ಹೇಳಿಕೊಟ್ಟಿದ್ದರು.' ನಾವು ಕೇಳಿದ್ದು ಬಾಯಿಪಾಠ, ಅವನು ಒಪ್ಪಿಸಿದ್ದೂ ಬಾಯಿಪಾಠ. ತೋಟದ ಮನೆಯ ಅಮ್ಮನ ಮೂರಕ್ಕಿಂತ ಅವನ ಐದು ಎಷ್ಟೋ ಕಡಿಮೆ.

ಸಾರಿನಲ್ಲಿ, ಕಾಫಿಯಲ್ಲಿ ಔಷಧಿ ಬೆರೆಸಿ ಕೊಡುವ ವಿಷಯವನ್ನೂ ಮಾತಾಡಿಬಿಡೋಣ. ಈ ಸಭೆಯಲ್ಲಿ ಹಾಗೆ ಮಾಡಿದವರು ಇದ್ದಾರೆಂದು ನನಗೆ ಗೊತ್ತು, ಕೈ ಎತ್ತಬೇಕಾಗಿಲ್ಲ. ಬೇರೆ ದಾರಿಯೇ ಕಾಣದ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 'ಅನ್ನಕ್ಕೆ ಏನೋ ಹಾಕುತ್ತಿದ್ದಾರೆ' ಎನ್ನುವ ಮಗನ ಅನ್ನಕ್ಕೆ ನಿಜವಾಗಿಯೂ ಏನೋ ಹಾಕಿದರೆ, ಅದು ಅವನಿಗೆ ಗೊತ್ತಾದ ದಿನ ಅವನು ಭ್ರಮೆಯಲ್ಲಿಲ್ಲ, ಸತ್ಯ ಹೇಳುತ್ತಿದ್ದಾನೆ. ಆಮೇಲೆ ಯಾವ ಮುಖದಿಂದ ಅವನಿಗೆ ಅರಿವಿನ ಪಾಠ ಹೇಳುವುದು? ತೀರಾ ಒಪ್ಪದಿದ್ದಾಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದಾರಿ ಇಟ್ಟಿದೆ. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಹೆಸರಿಸಲಾದವರ) ಅರ್ಜಿಯ ಮೇಲೆ 30 ದಿನದವರೆಗೆ ದಾಖಲಿಸಿಕೊಳ್ಳಬಹುದು. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ರೋಗಿಯ ನಿರ್ಧಾರ ನಮಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ಅವರಿಗೆ ನಿರ್ಧರಿಸುವ ಶಕ್ತಿಯೇ ಇಲ್ಲ ಎನ್ನುವಂತಿಲ್ಲ. ಚೆನ್ನಾಗಿರುವಾಗಲೇ, ಮುಂದೆ ಹುಷಾರು ತಪ್ಪಿದರೆ ತನ್ನನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ನೋಡಿಕೊಳ್ಳಬಾರದು ಎಂದು ಬರೆದಿಡುವ ಹಕ್ಕನ್ನೂ ಕೊಟ್ಟಿದೆ. ಅದನ್ನು ಬಳಸುವವರು ನನ್ನ ಬಳಿ ಬೆರಳೆಣಿಕೆಯಷ್ಟು. ಅರಿವಿರುವ ದಿನಗಳು ಅರಿವಿಲ್ಲದ ದಿನಗಳಿಗೆ ಬರೆಯುವ ಪತ್ರ ಅದು. ಇನ್ನಷ್ಟು ಮಂದಿ ಬರೆಯಬೇಕು.

ಅರಿವು ಬಂದರೆ ಎಲ್ಲ ಸರಿಹೋಯಿತೇ? ಇಲ್ಲ. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಾತ್ರೆ ಕೆಲಸ ಮಾಡಿ, ದನಿ ಅಡಗಿ, ಅನುಮಾನ ಇಳಿದು ಮನೆಯವರು ಹರಕೆ ತೀರಿಸಲು ಹೊರಡುವ ಹೊತ್ತಿಗೆ ಹುಡುಗನಿಗೆ ತಾನು ಏನೇನು ಮಾಡಿದೆ ಎಂಬುದು ಕಾಣತೊಡಗುತ್ತದೆ. ಕೆಲಸ ಹೋಗಿದೆ. ಓರಗೆಯವರು ಮುಂದೆ ಹೋಗಿದ್ದಾರೆ. ಎದುರು ಮನೆಯ ಅಂಕಲ್‌ಗೆ ಬೈದದ್ದು ಇಡೀ ಕೇರಿಗೆ ಗೊತ್ತು. ಅದರ ಮೇಲೆ 'ಹುಚ್ಚ' ಎಂಬ ಪದ. ಅರಿವು ಹೆಚ್ಚಿದಂತೆ ಖಿನ್ನತೆ, ಹತಾಶೆ ಹೆಚ್ಚುವುದನ್ನು ಹಲವು ಅಧ್ಯಯನಗಳು ಕಂಡಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಲೈಸೇಕರ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ತೋರಿಸಿದರು: ಸಮಾಜದ ತಿರಸ್ಕಾರವನ್ನು ತಾನೂ ನಂಬಿ ಒಳಗಿಳಿಸಿಕೊಂಡವರಲ್ಲಿ ಅರಿವು ಭರವಸೆಯನ್ನು ಕುಗ್ಗಿಸುತ್ತದೆ. ಆತ್ಮಹತ್ಯೆಯ ಅಪಾಯ ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಹುಡುಗ ಈಗ ಗಲಾಟೆ ಮಾಡುವುದಿಲ್ಲ, ತೆಪ್ಪಗಿದ್ದಾನೆ ಎಂದು ಯಾರಾದರೂ ನಿಶ್ಚಿಂತರಾದರೆ ನನಗೆ ಚಿಂತೆ ಶುರುವಾಗುತ್ತದೆ. ಆಗಲೇ ಅವನ ಜೊತೆ ಕೂರಬೇಕಾದದ್ದು.

ಜೊತೆ ಕೂರುವ ವಿಷಯದಲ್ಲಿ ನಮ್ಮ ಕಡೆಯವರು ಹಿಂದೆಬಿದ್ದಿಲ್ಲ. ಚೆನ್ನೈನ ಸ್ಕಾರ್ಫ್ (ಸ್ಕಿಜೋಫ್ರೀನಿಯಾ ರಿಸರ್ಚ್ ಫೌಂಡೇಶನ್) ಸಂಸ್ಥೆ ಮತ್ತು ಕೆನಡಾದ ಮಾಂಟ್ರಿಯಲ್‌ನ ತಂಡ, ಮೊದಲ ಬಾರಿ ಕಾಯಿಲೆ ಬಂದವರಿಗೆ ಒಂದೇ ಮಾದರಿಯ ಚಿಕಿತ್ಸೆ ಕೊಟ್ಟು ಎರಡು ವರ್ಷ ಹೋಲಿಸಿದವು. ಮಂಕು, ನಿರಾಸಕ್ತಿ, ಮೂಲೆ ಹಿಡಿಯುವುದು ಇಂಥವು ಚೆನ್ನೈಯಲ್ಲಿ ಹೆಚ್ಚು ಸುಧಾರಿಸಿದವು. ಮನೆಯವರು ಚಿಕಿತ್ಸೆಯಲ್ಲಿ ತೊಡಗಿಕೊಂಡದ್ದೂ ಅಲ್ಲೇ ಹೆಚ್ಚು.

ಮಾತು ಮುಗಿದ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ಎದ್ದು ಕೇಳಿದರು: 'ಡಾಕ್ಟರೇ, ಹಾಗಾದರೆ ಮನೆಯಲ್ಲಿ ಅವನಿಗೆ ಏನೆಂದು ಹೇಳುವುದು? ನಿನಗೆ ಕಾಯಿಲೆ ಅನ್ನಬಾರದು, ಅವನು ಹೇಳಿದ್ದಕ್ಕೆ ಹೂಂ ಅನ್ನಲೂಬಾರದು.'

ನಾನು ಹೇಳಿದ್ದು ಇಷ್ಟು. ಟವರಿನ ವಿಷಯದಲ್ಲಿ ವಾದಕ್ಕೆ ಇಳಿಯಬೇಡಿ ಮೇಡಂ, ಗೆಲ್ಲುವುದಿಲ್ಲ. ಗೆದ್ದರೂ ಮಗನನ್ನು ಕಳೆದುಕೊಳ್ಳುತ್ತೀರಿ. 'ನನಗೆ ಆ ದನಿ ಕೇಳಿಸುತ್ತಿಲ್ಲ, ಆದರೆ ನಿನಗೆ ಕೇಳಿಸುತ್ತಿದೆ, ನಿನಗೆ ಭಯವಾಗಿದೆ ಎಂಬುದು ನನಗೆ ಗೊತ್ತಾಗುತ್ತಿದೆ' ಎನ್ನಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಮೇಲೆ ಅವನೇ ಒಪ್ಪುವ ತೊಂದರೆಯೊಂದನ್ನು ಹಿಡಿಯಿರಿ. ನಿದ್ದೆಯಿಲ್ಲವೇ? ನಿದ್ದೆಗೆಂದು ವೈದ್ಯರ ಬಳಿಗೆ ಹೋಗೋಣ ಎನ್ನಿ. ಓದಿದ್ದು ತಲೆಗೆ ಹತ್ತುತ್ತಿಲ್ಲವೇ? ಅದಕ್ಕೆಂದು ಹೋಗಿ. ರೋಗದ ಹೆಸರನ್ನು ಬಾಗಿಲಲ್ಲೇ ಸುಂಕದಂತೆ ವಸೂಲಿ ಮಾಡಬೇಡಿ. ಯಾರನ್ನು ಕೇಳುವುದೆಂದೇ ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಜೀಪಿನಲ್ಲಿ ಬಂದ ಹುಡುಗ ಏನಾದ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಮರುದಿನ ನಾನು ಟವರಿನ ಮಾತು ಬಿಟ್ಟು ಕಣ್ಣಿನ ವೈದ್ಯರ ಚೀಟಿ ತೋರಿಸಿ, 'ಬಣ್ಣ ಗಾಢವಾಗಿದ್ದು ಯಾವಾಗಿನಿಂದ?' ಎಂದು ಕೇಳಿದೆ. ಅವನು ಮುಕ್ಕಾಲು ಗಂಟೆ ಮಾತಾಡಿದ. ನಿದ್ದೆ ಬರಲಿ, ಬಣ್ಣ ಇಳಿಯಲಿ ಎಂದು ಮಾತ್ರೆಗೆ ಒಪ್ಪಿದ. ಈಗ ಊರಿನಲ್ಲೇ ಕೆಲಸ ಮಾಡುತ್ತಿದ್ದಾನೆ. ಸ್ಕಿಜೋಫ್ರೀನಿಯಾ ಎಂಬ ಪದವನ್ನು ನನ್ನೆದುರು ಅವನು ಒಮ್ಮೆಯೂ ಬಳಸಿಲ್ಲ. ಮನೆಯ ಕ್ಯಾಲೆಂಡರಿನ ಹಿಂದೆ ಅವನೇ ಬರೆದು ಅಂಟಿಸಿದ ಒಂದು ಚೀಟಿಯಿದೆಯಂತೆ: ನಿದ್ದೆ ನಾಲ್ಕು ಗಂಟೆಗೆ ಇಳಿಯುವುದು, ಅಮ್ಮ ಕರೆದಾಗ ಅನುಮಾನ ಬರುವುದು, ಬಣ್ಣ ಏರುವುದು. ಮೂರರಲ್ಲಿ ಎರಡು ಕಂಡರೆ ಡಾಕ್ಟರಿಗೆ ಫೋನು.

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. 'ಸಾರ್, ಬಣ್ಣ ಏರುತ್ತಿದೆ.' ರಾತ್ರಿಯ ಮಾತ್ರೆಯ ಜೊತೆ ಇನ್ನು ಅರ್ಧ ಸೇರಿಸಲು ಹೇಳಿ, ಸೋಮವಾರ ಬಂದು ಹೋಗು ಎಂದೆ. ಒಬ್ಬನೇ ಬಸ್ಸಿನಲ್ಲಿ ಬಂದಿದ್ದ.